ಶತ್ರುವನ್ನು ಹೆದರಿಸುವುದು ಹೇಗೆ? ಮೇಜಿನ ಪಾತ್ರಾಭಿನಯ ಆಟಗಳಲ್ಲಿ ಇಂಟಿಮಿಡೇಶನ್ ಬಳಸುವವರಿಗೆ ಮಾರ್ಗದರ್ಶಿ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೊಸದಾಗಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಥವಾ ಪಾತ್‌ಫೈಂಡರ್ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ನಡೆಸುವ ಆಟಗಳಿವು) ಆಡಲು ಕೂತವರು ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ನನ್ನ ಪಾತ್ರ ಆರೂವರೆ ಅಡಿ ಆಳು, ಕೈಯಲ್ಲಿ ಗಂಡುಗೊಡಲಿ ಇದೆ, ಇಂಟಿಮಿಡೇಶನ್ನೂ ಇದೆ. ಆದ್ರೂ ಎದುರಿಗಿರೋ ಪುಟಗೋಸಿ ಗಾಬ್ಲಿನ್ ಯಾಕೆ ಹೆದರಲ್ಲ?"

ಇಂಟಿಮಿಡೇಶನ್ ಎಂದರೆ ಹೆದರಿಸುವ ಕೌಶಲ್ಯ, ಗಾಬ್ಲಿನ್ ಎಂದರೆ ಆಟದಲ್ಲಿ ಬರುವ ಕುಳ್ಳ ರಾಕ್ಷಸ. ಉತ್ತರ ಮೊದಲೇ ಹೇಳಿಬಿಡುತ್ತೇವೆ. ದಾಳ ಉರುಳುವ ಮೊದಲೇ ಹೆದರಿಕೆಯ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ಎದುರಿನವನಿಗೆ ಕಳೆದುಕೊಳ್ಳಲು ಏನಾದರೂ ಇರಬೇಕು. ನೀವು ಅದನ್ನು ಕಸಿಯಬಲ್ಲಿರಿ ಎಂಬುದು ಅವನ ಕಣ್ಣಿಗೆ ಬಿದ್ದಿರಬೇಕು. ಸೋತರೂ ಬದುಕಿಕೊಳ್ಳಲು ಒಂದು ದಾರಿ ಕಾಣಬೇಕು. ಈ ಮೂರರಲ್ಲಿ ಹೆಚ್ಚು ಮಂದಿ ಮರೆಯುವುದು ಕೊನೆಯದನ್ನು. ಮೂಲೆಗೆ ಒತ್ತಿದ ಬೆಕ್ಕು ಪರಚುತ್ತದೆ, ಗಾಬ್ಲಿನ್ನೂ ಅಷ್ಟೇ.

ಏನೇನು ಬೇಕು

ಪಾತ್ರದ ಅಂಕಿಗಳನ್ನು ಬರೆದ ಹಾಳೆ, ಇಪ್ಪತ್ತು ಮುಖದ ದಾಳ ಎರಡು, ಪೆನ್ಸಿಲ್, ಚೌಕ ಎಳೆದ ನಕ್ಷೆ. ನಕ್ಷೆಯಲ್ಲಿ ಒಂದು ಚೌಕ ಎಂದರೆ ಆಟದೊಳಗೆ 5 ಅಡಿ. ಇದರ ಜೊತೆಗೆ ಒಂದು ಹಿಡಿ ಹುಣಸೆ ಬೀಜ ಇಟ್ಟುಕೊಳ್ಳಿ. ಯಾವ ಶತ್ರು ಹೆದರಿದ್ದಾನೆ, ಎಷ್ಟು ಹೆದರಿದ್ದಾನೆ ಎಂದು ಗುರುತಿಡಲು ಇದಕ್ಕಿಂತ ಅನುಕೂಲದ ವಸ್ತು ನಮ್ಮ ಕಡೆ ಇನ್ನೊಂದಿಲ್ಲ. ಚೌಕಾಬಾರಕ್ಕೆ ಎತ್ತಿಟ್ಟ ಬೀಜಗಳೇ ಸಾಕು.

ಪುಸ್ತಕ ಕೊಳ್ಳಲೇಬೇಕೆಂದಿಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳೂ ಪಾತ್‌ಫೈಂಡರ್‌ನ ನಿಯಮಗಳೂ ಅಂತರ್ಜಾಲದಲ್ಲಿ ಕಾನೂನುಬದ್ಧವಾಗಿಯೇ ಉಚಿತವಾಗಿ ಸಿಗುತ್ತವೆ. ಆದರೆ ನಿಮ್ಮ ಗುಂಪು ಯಾವ ಆಟದ ಯಾವ ಆವೃತ್ತಿ ಆಡುತ್ತಿದೆ ಎಂದು ಮೊದಲು ಕೇಳಿ ತಿಳಿದುಕೊಳ್ಳಿ. ಹೆದರಿಸುವ ನಿಯಮ ಒಂದೊಂದರಲ್ಲಿ ಒಂದೊಂದು ಥರ. ಅರ್ಧಕ್ಕರ್ಧ ಜಗಳ ಹುಟ್ಟುವುದೇ ಇಲ್ಲಿ.

ಹಂತ 1: ನಿಮ್ಮ ಅಂಕಿ ಲೆಕ್ಕ ಹಾಕಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಇಂಟಿಮಿಡೇಶನ್ ಕರಿಸ್ಮಾಕ್ಕೆ ಸೇರಿದ್ದು. ಕರಿಸ್ಮಾ ಎಂದರೆ ಆಳಿನ ವರ್ಚಸ್ಸು, ಮಾತಿನ ತೂಕ. ಅದರ ಅಂಕಿಯಿಂದ ಸಿಗುವ ಕೂಡಿಕೆಗೆ (ಹಾಳೆಯಲ್ಲಿ +1, +2 ಎಂದು ಬರೆದಿರುವುದಕ್ಕೆ) ಪ್ರೊಫಿಷಿಯೆನ್ಸಿ, ಅಂದರೆ ಪಳಗಿದ ಕೈಗೆ ಸಿಗುವ ಹೆಚ್ಚುವರಿ ಅಂಕಿ, ಕೂಡಿಸಿ. ಅದು 1ರಿಂದ 4ನೇ ಮಟ್ಟದವರೆಗೆ +2, 5ರಿಂದ 8ರವರೆಗೆ +3. ಮೂರನೇ ಮಟ್ಟದ ಫೈಟರ್‌ಗೆ (ಅಂದರೆ ಕಾದಾಳುವಿಗೆ) ಕರಿಸ್ಮಾ 12 ಇದ್ದರೆ +1, ಜೊತೆಗೆ +2, ಒಟ್ಟು +3. ದಾಳದಲ್ಲಿ ಬಿದ್ದದ್ದಕ್ಕೆ ಇದನ್ನು ಕೂಡಿಸುವುದು.

ಇಲ್ಲೇ ಹಲವರಿಗೆ ಬೇಸರ. "ಬಲ ಇರೋದು ತೋಳಲ್ಲಿ, ಲೆಕ್ಕ ಹಾಕೋದು ಕರಿಸ್ಮಾದಲ್ಲಾ?" ಬೇಸರ ನ್ಯಾಯವಾದದ್ದೇ. ಅದಕ್ಕಾಗಿಯೇ 2014ರ ನಿಯಮಪುಸ್ತಕದಲ್ಲಿ ಒಂದು ಐಚ್ಛಿಕ ನಿಯಮವಿದೆ: ಸಂದರ್ಭ ಒಪ್ಪಿದರೆ ಬೇರೆ ಗುಣದ ಅಂಕಿ ಬಳಸಬಹುದು. ಆಟ ನಡೆಸುವವರನ್ನು, ಅಂದರೆ ಡಿಎಂ ಅವರನ್ನು, ಕೇಳಿ. ಕೇಳುವ ಮೊದಲು ತೋಳಿನ ಕೆಲಸವನ್ನು ವಿವರಿಸಿ. "ಬಲ ಹಾಕ್ಲಾ?" ಎಂದಷ್ಟೇ ಕೇಳಿದರೆ ಬೇಡ ಎನ್ನುತ್ತಾರೆ. "ಅವನ ಗುರಾಣಿ ಕಿತ್ತು ಮೊಣಕಾಲಿಗೆ ಹಾಕಿ ಎರಡು ತುಂಡು ಮಾಡ್ತೀನಿ, ಆಮೇಲೆ ಅವನನ್ನೇ ನೋಡ್ತೀನಿ" ಎಂದರೆ ಒಪ್ಪುವ ಸಾಧ್ಯತೆ ಹೆಚ್ಚು. ಬಲ 16 ಇರುವ ಅದೇ ಫೈಟರ್‌ಗೆ ಆಗ +3 ಬದಲು +5.

ಇನ್ನೂ ಪಾತ್ರ ಕಟ್ಟುತ್ತಿರುವವರು ಹಿನ್ನೆಲೆಯಾಗಿ ಸೋಲ್ಜರ್ ಆರಿಸಿಕೊಂಡರೆ ಇಂಟಿಮಿಡೇಶನ್ ಅದರೊಡನೆಯೇ ಬರುತ್ತದೆ.

ಹಂತ 2: ಗೆದ್ದರೆ ಏನು ಸಿಗುತ್ತದೆ ಎಂದು ತಿಳಿದುಕೊಳ್ಳಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಫ್ರೈಟನ್ಡ್, ಅಂದರೆ ಹೆದರಿದವನು, ಎಂಬ ಒಂದು ಸ್ಥಿತಿ ಇದೆ. ಅದಕ್ಕೆ ಸಿಕ್ಕವನು ಹೆದರಿಸಿದವನು ಕಣ್ಣಿಗೆ ಕಾಣುವಷ್ಟು ಹೊತ್ತು ತನ್ನ ಏಟುಗಳಿಗೂ ಕೌಶಲ್ಯಗಳಿಗೂ ಎರಡು ದಾಳ ಉರುಳಿಸಿ ಚಿಕ್ಕದನ್ನೇ ಹಿಡಿಯಬೇಕು. ಹೆದರಿಸಿದವನ ಹತ್ತಿರಕ್ಕೆ ತಾನಾಗಿ ಹೆಜ್ಜೆ ಇಡಲಾರ. ಒಳ್ಳೆಯ ಲಾಭವೇ. ಆದರೆ ಇಂಟಿಮಿಡೇಶನ್ ದಾಳ ಗೆದ್ದ ಮಾತ್ರಕ್ಕೆ ಈ ಸ್ಥಿತಿ ಬರುವುದಿಲ್ಲ. ಅದು ಬರುವುದು ಫೈಟರ್‌ಗಳಲ್ಲೇ ಒಂದು ಬಗೆಯಾದ ಬ್ಯಾಟಲ್ ಮಾಸ್ಟರ್‌ನ ಮೆನೆಸಿಂಗ್ ಅಟ್ಯಾಕ್, ಮೂರನೇ ಹಂತದ ಫಿಯರ್ ಮಂತ್ರ, ಇಂಥವುಗಳಿಂದ. ಇಂಟಿಮಿಡೇಶನ್‌ನಿಂದ ಸಿಗುವುದು ನಡವಳಿಕೆಯ ಬದಲಾವಣೆ: ಆಯುಧ ಕೆಳಗಿಡುವುದು, ಓಡುವುದು, ಬಾಯಿ ಬಿಡುವುದು, ದಾರಿ ಕೊಡುವುದು. ಎರಡನ್ನೂ ಒಂದೇ ಎಂದುಕೊಂಡು ಡಿಎಂ ಜೊತೆ ವಾದಕ್ಕೆ ಇಳಿಯಬೇಡಿ.

2014ರ ನಿಯಮದಲ್ಲಿ ಹೋರಾಟದ ನಡುವೆ ಹೆದರಿಸುವುದಕ್ಕೆ ಪ್ರತ್ಯೇಕ ವಿಧಾನವಿಲ್ಲ, ತೀರ್ಮಾನ ಡಿಎಂ ಅವರದು. ಒಂದೆರಡು ಮಾತಿಗೆ ಖರ್ಚಿಲ್ಲ. ದಾಳ ಉರುಳಿಸಬೇಕಾದ ಬೆದರಿಕೆಗೆ ಆ ಸರದಿಯ ಆ್ಯಕ್ಷನ್, ಅಂದರೆ ಮುಖ್ಯ ಕೆಲಸ, ಖರ್ಚಾಗುತ್ತದೆ ಎಂದೇ ಬಹಳಷ್ಟು ಡಿಎಂಗಳು ನಡೆಸುತ್ತಾರೆ. 2024ರ ಪುಸ್ತಕದಲ್ಲಿ ಇದಕ್ಕೆ ಇನ್‌ಫ್ಲುಯೆನ್ಸ್ ಎಂಬ ಆ್ಯಕ್ಷನ್ನೇ ಬಂದಿದೆ. ಎದುರಿನವನು ಒಪ್ಪುವ ಮನಸ್ಸಿನಲ್ಲಿದ್ದರೆ ದಾಳ ಬೇಡ. ಏನು ಮಾಡಿದರೂ ಒಪ್ಪದವನಾದರೂ ದಾಳ ಬೇಡ, ಕೆಲಸ ಆಗುವುದಿಲ್ಲ. ನಡುವೆ ಹೊಯ್ದಾಡುವವನಿಗೆ ಮಾತ್ರ ದಾಳ. ದಾಟಬೇಕಾದ ಅಂಕಿ, ಅಂದರೆ ಡಿಸಿ, 15 ಅಥವಾ ಅವನ ಬುದ್ಧಿಯ ಅಂಕಿ, ಯಾವುದು ದೊಡ್ಡದೋ ಅದು. ಕಡು ದ್ವೇಷ ಇಟ್ಟುಕೊಂಡವನಾದರೆ ಎರಡು ದಾಳ ಉರುಳಿಸಿ ಚಿಕ್ಕದನ್ನು ಹಿಡಿಯಬೇಕು. ಒಮ್ಮೆ ಸೋತರೆ ಅದೇ ರೀತಿ ಮತ್ತೆ ಒತ್ತಾಯಿಸಲು 24 ಗಂಟೆ, ಇಲ್ಲವೇ ಡಿಎಂ ಹೇಳಿದಷ್ಟು ಹೊತ್ತು ಕಾಯಬೇಕು.

ಪಾತ್‌ಫೈಂಡರ್‌ನ ಎರಡನೇ ಆವೃತ್ತಿಯಲ್ಲಿ ವಿಷಯ ಬೇರೆಯೇ. ಅದಕ್ಕೆ ಮುಂದೆ ಒಂದು ಹಂತವನ್ನೇ ಮೀಸಲಿಟ್ಟಿದ್ದೇವೆ.

ಹಂತ 3: ಎದುರಿಗಿರುವುದು ಹೆದರುವ ಪೈಕಿಯೇ ನೋಡಿ

ಪ್ರಾಣಭಯವೇ ಇಲ್ಲದ್ದನ್ನು ಹೆದರಿಸಲಾಗದು. ಕಲ್ಲಿನ ಗೋಲೆಮ್ (ಮಂತ್ರದಿಂದ ನಡೆಯುವ ಬೊಂಬೆ), ತಾನಾಗಿ ನಡೆಯುವ ಉಕ್ಕಿನ ಕವಚ, ಇವುಗಳ ವಿವರದಲ್ಲಿ ಫ್ರೈಟನ್ಡ್ ಸ್ಥಿತಿ ತಟ್ಟುವುದಿಲ್ಲ ಎಂದೇ ಬರೆದಿರುತ್ತದೆ. ಪಾತ್‌ಫೈಂಡರ್‌ನಲ್ಲಿ ಮೈಂಡ್‌ಲೆಸ್, ಅಂದರೆ ಮನಸ್ಸಿಲ್ಲದ್ದು, ಎಂಬ ಗುರುತು ಇರುವ ಎಲುಬುಗೂಡು, ಜೋಂಬಿಗಳಿಗೆ ಮನಸ್ಸಿಗೆ ಸಂಬಂಧಿಸಿದ ಯಾವುದೂ ನಾಟದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಎಲುಬುಗೂಡಿಗೆ ಅಂಥ ರಕ್ಷಣೆ ಬರೆದಿಲ್ಲ ನಿಜ. ಆದರೆ ಅದು ಒಡೆಯನ ಅಪ್ಪಣೆಗೆ ಕಟ್ಟುಬಿದ್ದದ್ದು. ಶರಣಾಗು ಎಂದರೆ ಯಾತಕ್ಕೆ ಶರಣಾದೀತು?

ಪ್ರಾಣಿಗಳ ವಿಷಯಕ್ಕೆ ಬಂದರೆ, ತೋಳಕ್ಕೆ ನಿಮ್ಮ ಮಾತು ಅರ್ಥವಾಗದು, ಸದ್ದು ಮತ್ತು ಬೆಂಕಿ ಅರ್ಥವಾಗುತ್ತವೆ. ಮಧುಗಿರಿ, ಪಾವಗಡದ ಕಡೆ ಹೊಲಕ್ಕೆ ಬಂದ ಕರಡಿಯನ್ನು ಯಾರೂ ಬೈದು ಓಡಿಸುವುದಿಲ್ಲ, ತಮಟೆ ಬಡಿಯುತ್ತಾರೆ, ಪಟಾಕಿ ಹಚ್ಚುತ್ತಾರೆ. ನಿಮ್ಮ ಪಾತ್ರವೂ ಪಂಜು ಬೀಸಲಿ, ಗುರಾಣಿಗೆ ಕತ್ತಿ ಬಡಿಯಲಿ. ಓಡಲು ಕಾಡಿನ ಕಡೆಯ ಬದಿ ತೆರೆದಿರಲಿ.

ಭಾಷೆಯೂ ಮುಖ್ಯ. ಎದುರಿನವನಿಗೆ ತಿಳಿಯುವ ಭಾಷೆ ನಿಮ್ಮ ಹಾಳೆಯಲ್ಲಿ ಇದೆಯೇ ನೋಡಿಕೊಳ್ಳಿ. ಬಾಗೇಪಲ್ಲಿ, ಮುಳಬಾಗಿಲು, ಪಾವಗಡದಂಥ ಗಡಿ ಊರುಗಳಲ್ಲಿ ಆಡುವವರಿಗೆ ಇಲ್ಲೊಂದು ಸೊಗಸಾದ ಅನುಕೂಲವಿದೆ. ಆಟದ ಸಾಮಾನ್ಯ ಭಾಷೆ ಕನ್ನಡ, ಗಾಬ್ಲಿನ್ ಭಾಷೆ ತೆಲುಗು ಎಂದು ಇಟ್ಟುಕೊಳ್ಳಿ. ಗಾಬ್ಲಿನ್ ಭಾಷೆ ಬಲ್ಲ ಪಾತ್ರದವರು "ಕತ್ತಿ ಕಿಂದ ಪೆಟ್ಟು!" (ಕತ್ತಿ ಕೆಳಗಿಡು) ಎಂದು ಕೂಗಿದಾಗ ಮೇಜಿನ ಸುತ್ತ ಕೂತವರಿಗೆಲ್ಲ ಗೊತ್ತಾಗುತ್ತದೆ, ಈ ಮಾತು ಯಾರಿಗೆ ಮುಟ್ಟಿತು ಎಂದು.

ಹಂತ 4: ಹೊತ್ತು ನೋಡಿ ಬಾಯಿ ತೆರೆಯಿರಿ

ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಹೋರಾಟ ಶುರುವಾಗುವ ಮುಂಚೆಯೇ ಹೆದರಿಸಲು ಹೋಗುವುದು ಹೊಸಬರ ಅಭ್ಯಾಸ. ಆಗ ಶತ್ರುವಿಗೆ ತಾನೇ ಗೆಲ್ಲುತ್ತೇನೆ ಎಂಬ ಲೆಕ್ಕಾಚಾರ ಇರುತ್ತದೆ. ಅದು ತಲೆಕೆಳಗಾದ ಕ್ಷಣಕ್ಕಾಗಿ ಕಾಯಬೇಕು. 2014ರ ಡಿಎಂ ಪುಸ್ತಕದಲ್ಲಿ ಎದೆಗುಂದುವ ಬಗ್ಗೆ, ಅಂದರೆ ಮೊರಾಲ್ ಬಗ್ಗೆ, ಒಂದು ಐಚ್ಛಿಕ ನಿಯಮವಿದೆ. ಅದು ಪಟ್ಟಿ ಮಾಡುವ ಸಂದರ್ಭಗಳೇ ನಿಮಗೆ ಸೂಚನೆ: ಶತ್ರು ಅನಿರೀಕ್ಷಿತ ದಾಳಿಗೆ ಸಿಕ್ಕಾಗ, ಅವನ ಹಿಟ್ ಪಾಯಿಂಟ್, ಅಂದರೆ ಪ್ರಾಣದ ಅಂಕಿ, ಮೊದಲ ಬಾರಿಗೆ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಾಗ, ನಿಮಗೆ ಗಾಯ ಮಾಡುವ ದಾರಿಯೇ ಅವನಿಗಿಲ್ಲದಾಗ. ಗುಂಪಾದರೆ, ನಾಯಕ ಬಿದ್ದಾಗ, ಅಥವಾ ನಿಮ್ಮ ಕಡೆ ಒಬ್ಬರೂ ಬೀಳದೆ ಅವರ ಕಡೆ ಅರ್ಧ ಖಾಲಿಯಾದಾಗ.

ಒಂದು ಸಂದರ್ಭವನ್ನು ಹತ್ತಿರದಿಂದ ನೋಡೋಣ. ಮಧುಗಿರಿಯ ಏಕಶಿಲಾ ಬೆಟ್ಟದಂಥ ಒಂದು ಕೋಟೆ, ಒಂದೇ ಬಂಡೆ, ಒಂದು ಬದಿ ನೇರ ಪ್ರಪಾತ. ಕೋಟೆಯೊಳಗೆ ಡಕಾಯಿತರ ನಾಯಕ ಒಬ್ಬ, ನಾಲ್ವರು ಸಾದಾ ಡಕಾಯಿತರು. 2014ರ ಪುಸ್ತಕದ ಪ್ರಕಾರ ಸಾದಾ ಡಕಾಯಿತನ ಹಿಟ್ ಪಾಯಿಂಟ್ ಬರೀ 11, ನಾಯಕನದು 65. ನಿಮ್ಮ ಫೈಟರ್‌ಗೆ ಇಂಟಿಮಿಡೇಶನ್ +3.

ಮೊದಲ ಸುತ್ತಿನಲ್ಲೇ "ಓಡಿಹೋಗಿ!" ಎಂದರೆ ಡಿಎಂ ಡಿಸಿ 20 ಇಡುತ್ತಾರೆ ಎನ್ನಿ. ದಾಳದಲ್ಲಿ 17 ಅಥವಾ ಹೆಚ್ಚು ಬೀಳಬೇಕು. ನೂರಕ್ಕೆ 20 ಅವಕಾಶ.

ಈಗ ಕಾಯಿರಿ. ಇಬ್ಬರು ಬಿದ್ದರು, ಮೂರನೇ ಸುತ್ತಿನಲ್ಲಿ ನಾಯಕನೂ ಉರುಳಿದ. ಉಳಿದ ಇಬ್ಬರ ಬೆನ್ನ ಹಿಂದೆ ದಿಡ್ಡಿ ಬಾಗಿಲು ತೆರೆದಿದೆ. ಇಲ್ಲಿ ಡಿಸಿ 10 ನ್ಯಾಯ. 7 ಬಿದ್ದರೆ ಸಾಕು, ನೂರಕ್ಕೆ 70. ಜೊತೆಗಾರನೊಬ್ಬ ತನ್ನ ಸರದಿಯಲ್ಲಿ ಹೆಲ್ಪ್ ಆ್ಯಕ್ಷನ್ ತೆಗೆದುಕೊಂಡು ನಾಯಕನ ಕತ್ತಿಯನ್ನು ಎತ್ತಿ ಪ್ರಪಾತಕ್ಕೆ ಎಸೆದರೆ ನಿಮಗೆ ಅಡ್ವಾಂಟೇಜ್, ಎರಡು ದಾಳದಲ್ಲಿ ದೊಡ್ಡದು. ಈಗ ಅವಕಾಶ ನೂರಕ್ಕೆ 91.

ಪಾತ್ರ ಅದೇ, +3 ಅದೇ. ಇಪ್ಪತ್ತು ತೊಂಬತ್ತೊಂದಾಯಿತು. ಮೇಲಿನ ಡಿಸಿಗಳು ನಮ್ಮ ಅಂದಾಜು, 2014ರ ನಿಯಮದಲ್ಲಿ ಆಡುವವರಿಗೆ. ಪುಸ್ತಕ ಹೇಳುವುದು 10 ಸುಲಭ, 15 ಮಧ್ಯಮ, 20 ಕಷ್ಟ ಎಂದಷ್ಟೇ. ಯಾವಾಗ ಯಾವುದು ಎಂಬುದು ಡಿಎಂ ವಿವೇಚನೆ.

ಒಂದು ಎಚ್ಚರಿಕೆ: ಆ ದಿಡ್ಡಿ ಬಾಗಿಲಿಗೆ ನಿಮ್ಮವರೇ ಅಡ್ಡ ನಿಂತಿದ್ದರೆ ಲೆಕ್ಕ ಕೆಡುತ್ತದೆ. ಒಂದು ಕಡೆ ಪ್ರಪಾತ, ಇನ್ನೊಂದು ಕಡೆ ಕತ್ತಿ. ಸಾಯುವುದೇ ಖಾತ್ರಿ ಎಂದಾದವನು ಹೊಡೆದೇ ಸಾಯುತ್ತಾನೆ. ಹೆದರಿಸುವ ಯೋಚನೆ ಇದ್ದರೆ ಒಂದು ಸುತ್ತು ಮೊದಲೇ ಜೊತೆಗಾರರಿಗೆ ಹೇಳಿ ದಾರಿ ಬಿಡಿಸಿ.

ಹಂತ 5: ಮಾತನ್ನು ಕಟ್ಟುವುದು

"ನಾನು ಇಂಟಿಮಿಡೇಟ್ ಮಾಡ್ತೀನಿ" ಎಂಬಲ್ಲಿಗೆ ನಿಲ್ಲಿಸಬೇಡಿ. ಡಿಎಂಗೆ ಅದರಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ನೀವು ಕೊಡಬೇಕಾದದ್ದು ಮೂರು: ಆಗಲೇ ನಡೆದದ್ದು, ಅವನು ಈಗ ಮಾಡಬೇಕಾದ ಒಂದೇ ಒಂದು ಕೆಲಸ, ಮಾಡಿದರೆ ಅವನಿಗೆ ಸಿಗುವುದು. ತುಮಕೂರಿನ ಮಾತಲ್ಲಿ ಹೇಳುವುದಾದರೆ:

"ಏಯ್, ನಿಮ್ ಯಜಮಾನ ಬಿದ್ದೋದ ನೋಡ್ಲಾ. ಕತ್ತಿ ಅಲ್ಲೇ ಕೆಳಗಾಕು. ಆಕ್ಬುಟ್ಟು ಆ ದಿಡ್ಡಿ ಬಾಗ್ಲಾಗೆ ಇಳ್ಕೊಂಡೋದ್ರೆ ನಾವ್ಯಾರೂ ನಿನ್ನ ಇಂದೆ ಬರಾಕಿಲ್ಲ."

ಇದರಲ್ಲಿ ಕೊಲ್ಲುತ್ತೇನೆ ಎಂಬ ಮಾತೇ ಇಲ್ಲ. ಬೇಕಾಗಿಯೂ ಇಲ್ಲ, ಬಿದ್ದ ಯಜಮಾನ ಅದನ್ನು ಹೇಳುತ್ತಿದ್ದಾನೆ. ಕೇಳಿದ ಕೆಲಸ ಒಂದೇ, ಕತ್ತಿ ಕೆಳಗೆ ಹಾಕುವುದು. ಕತ್ತಿ ಹಾಕು, ಚಿನ್ನ ಎಲ್ಲಿದೆ ಹೇಳು, ನಮ್ಮ ಜೊತೆ ಬಾ ಎಂದು ಒಂದೇ ಉಸಿರಿನಲ್ಲಿ ಮೂರು ಕೇಳಿದರೆ ಡಿಸಿ ಏರುತ್ತದೆ, ಏರಬೇಕಾದ್ದೇ.

ದನಿ ಎತ್ತಲೇಬೇಕೆಂದಿಲ್ಲ. ಮೆಲ್ಲಗೆ ಹೇಳಿದ ಮಾತಿಗೂ ಅಷ್ಟೇ ತೂಕ ಬರುತ್ತದೆ. ಮನೆಯ ಹಜಾರದಲ್ಲಿ ಆಡುವಾಗ ಒಳಕೋಣೆಯಲ್ಲಿ ಅಜ್ಜಿ ಮಲಗಿದ್ದರಂತೂ ಇದೇ ದಾರಿ. ಅಭಿನಯ ಬಾರದು, ನಾಚಿಕೆ ಎನ್ನುವವರು ಆ ಮೂರು ವಿಷಯಗಳನ್ನು ವರದಿಯಂತೆ ಹೇಳಿದರೂ ಆದೀತು. ಅಂಕಿ ಇರುವುದು ಪಾತ್ರಕ್ಕೆ. ಆಡುವವರ ಗಂಟಲು ನೋಡಿ ಅಂಕಿ ಕೊಡುವುದು ಅನ್ಯಾಯ, ಡಿಎಂ ಆದವರು ಇದನ್ನು ಮರೆಯಬಾರದು.

ಯಾವುದು ಬೇಡ ಎಂಬುದನ್ನು ಆಟದ ಮೊದಲ ದಿನವೇ ಮಾತಾಡಿಕೊಳ್ಳಿ. ಚಿತ್ರಹಿಂಸೆ, ಹೆಂಡತಿ ಮಕ್ಕಳ ಮೇಲಿನ ಬೆದರಿಕೆ ಕೆಲವರಿಗೆ ಆಟದಲ್ಲೂ ಸಹಿಸಲಾಗದು. ಎಕ್ಸ್ ಎಂದು ಬರೆದ ಒಂದು ಚೀಟಿಯನ್ನು ಮೇಜಿನ ನಡುವೆ ಇಡಿ. ಯಾರು ಮುಟ್ಟಿದರೂ ಕಾರಣ ಕೇಳದೆ ಆ ದೃಶ್ಯ ಅಲ್ಲಿಗೇ ನಿಲ್ಲಬೇಕು.

ಹಂತ 6: ಪಾತ್‌ಫೈಂಡರ್ ಆಡುವವರು ಸರದಿಯ ಲೆಕ್ಕ ಹಾಕಬೇಕು

ಪಾತ್‌ಫೈಂಡರ್‌ನ ಎರಡನೇ ಆವೃತ್ತಿಯಲ್ಲಿ ಒಂದು ಸರದಿಗೆ ಮೂರು ಆ್ಯಕ್ಷನ್. ಅದರಲ್ಲಿ ಒಂದನ್ನು ಖರ್ಚು ಮಾಡಿ ಡಿಮಾರಲೈಸ್, ಅಂದರೆ ಎದೆಗುಂದಿಸುವ ಕೆಲಸ, ಮಾಡಬಹುದು. ಶತ್ರು 30 ಅಡಿಯೊಳಗೆ, ಅಂದರೆ ಆರು ಚೌಕದೊಳಗೆ ಇರಬೇಕು. ದಾಟಬೇಕಾದ ಅಂಕಿ ಅವನ ವಿಲ್ ಡಿಸಿ, ಅಂದರೆ ಮನೋಬಲಕ್ಕೆ 10 ಕೂಡಿಸಿದ್ದು. ವಿಲ್ +5 ಇದ್ದರೆ 15. ದಾಟಿದರೆ ಫ್ರೈಟನ್ಡ್ 1, ಹತ್ತು ಹೆಚ್ಚಾಗಿ ದಾಟಿದರೆ ಫ್ರೈಟನ್ಡ್ 2. ಇಲ್ಲಿ ಹುಣಸೆ ಬೀಜ ಹೊರಗೆ ತೆಗೆಯಿರಿ: 1ಕ್ಕೆ ಒಂದು ಬೀಜ, 2ಕ್ಕೆ ಎರಡು, ಶತ್ರುವಿನ ಗೊಂಬೆಯ ಪಕ್ಕ.

ಒಂದು ಬೀಜ ಎಂದರೆ ಅವನ ಎಲ್ಲ ದಾಳಗಳಿಗೂ ಎಲ್ಲ ಡಿಸಿಗಳಿಗೂ 1 ಕಡಿತ. ಏಟು ತಪ್ಪಿಸಿಕೊಳ್ಳುವ ಅಂಕಿಯಾದ ಎಸಿಯೂ ಅದರಲ್ಲಿ ಸೇರಿದೆ. ಒಂದೇ ಅಂಕಿ ತಾನೇ ಎಂದು ಕಡೆಗಣಿಸಬೇಡಿ. ಈ ಆಟದಲ್ಲಿ ಎಸಿಗಿಂತ ಹತ್ತು ಹೆಚ್ಚಾದರೆ ಏಟು ದುಪ್ಪಟ್ಟು. ಹಾಗಾಗಿ ಆ ಒಂದು ಅಂಕಿ ಏಟು ತಗಲುವ ಅವಕಾಶವನ್ನೂ ಹೆಚ್ಚಿಸುತ್ತದೆ, ದುಪ್ಪಟ್ಟಾಗುವ ಅವಕಾಶವನ್ನೂ ಹೆಚ್ಚಿಸುತ್ತದೆ.

ಬೀಜ ತೆಗೆಯುವುದು ಯಾವಾಗ? ಶತ್ರುವಿನ ಸರದಿ ಮುಗಿಯುವಾಗ ಒಂದು. ತಪ್ಪಾಗುವುದು ಇಲ್ಲೇ. ನಿಮ್ಮ ಸರದಿ, ತಕ್ಷಣ ಶತ್ರುವಿನ ಸರದಿ, ಆಮೇಲೆ ಉಳಿದ ಮೂವರು ಜೊತೆಗಾರರು ಎಂಬ ಕ್ರಮವಿದ್ದರೆ ಅವರ ಪಾಲಿಗೆ ಬೀಜ ಉಳಿದಿರುವುದಿಲ್ಲ. ಡಿಲೇ ಮಾಡಿ, ಅಂದರೆ ಸರದಿ ಮುಂದಕ್ಕೆ ಹಾಕಿ, ಶತ್ರುವಿನ ನಂತರ ಬಂದು ಹೆದರಿಸಿ. ಆಗ ಮೂವರಿಗೂ ಲಾಭ. ನಿಮ್ಮ ಮೂರು ಆ್ಯಕ್ಷನ್‌ಗಳಲ್ಲೂ ಮೊದಲನೆಯದು ಹೆದರಿಕೆಗೆ, ಏಟು ಆಮೇಲೆ. ಹೆದರಿಸುವುದು ಏಟಿನ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಮುಂದಿನ ಏಟಿಗೆ ಕಡಿತವಿಲ್ಲ.

ಶತ್ರುವಿಗೆ ನಿಮ್ಮ ಭಾಷೆ ತಿಳಿಯದಿದ್ದರೆ 4 ಅಂಕಿ ಕಡಿತ. ಇಂಟಿಮಿಡೇಟಿಂಗ್ ಗ್ಲೇರ್, ಅಂದರೆ ಕಣ್ಣಲ್ಲೇ ಹೆದರಿಸುವ ಕಲೆ, ಕಲಿತಿದ್ದರೆ ಆ ಕಡಿತವಿಲ್ಲ. ಪ್ರಾಣಿಗಳ ಮೇಲೂ ಉಪಯೋಗಕ್ಕೆ ಬರುವುದರಿಂದ ಆದಷ್ಟು ಬೇಗ ಕಲಿತುಬಿಡಿ. ಗೆದ್ದರೂ ಸೋತರೂ ಅದೇ ಶತ್ರುವಿಗೆ 10 ನಿಮಿಷ ನಿಮ್ಮ ಹೆದರಿಕೆ ಮತ್ತೆ ನಾಟದು. ಆದರೆ ಆ ತಡೆ ನಿಮಗೊಬ್ಬರಿಗೆ. ಜೊತೆಗಾರ ಪ್ರಯತ್ನಿಸಬಹುದು.

ಸೆರೆ ಸಿಕ್ಕವನಿಂದ ಬಾಯಿ ಬಿಡಿಸಲು ಡಿಮಾರಲೈಸ್ ಅಲ್ಲ, ಕೊಯರ್ಸ್, ಅಂದರೆ ಬಲವಂತಪಡಿಸುವ ಕೆಲಸ, ಬಳಸಬೇಕು. ಅದಕ್ಕೆ ಕನಿಷ್ಠ ಒಂದು ನಿಮಿಷದ ಮಾತುಕತೆ ಬೇಕು, ಹೋರಾಟದ ನಡುವೆ ಆಗುವ ಕೆಲಸವಲ್ಲ. ಹೆಚ್ಚೆಂದರೆ ಒಂದು ದಿನ ಹೇಳಿದಂತೆ ಕೇಳುತ್ತಾನೆ, ಆಮೇಲೆ ತಿರುಗಿಬೀಳುವ ಮನಸ್ಸಾಗುತ್ತದೆ. ಹತ್ತು ಅಂಕಿ ಕಡಿಮೆಯಾಗಿ ಸೋತಿರೋ, ಕಡೇ ಪಕ್ಷ ಒಂದು ವಾರ ಅವನ ಮೇಲೆ ನಿಮ್ಮ ಬಲವಂತ ನಡೆಯದು.

ಹಂತ 7: ದಾಳ ಬಿದ್ದ ಮೇಲೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ 20 ಬಿದ್ದರೆ ಏನು ಬೇಕಾದರೂ ಆಗುತ್ತದೆ ಎಂಬ ನಂಬಿಕೆ ಬಿಡಿ. ಆ ನಿಯಮ ಏಟಿಗೆ ಮಾತ್ರ. +3 ಇದ್ದವರಿಗೆ 20 ಬಿದ್ದರೆ 23, ಡಿಸಿ 25 ಇದ್ದರೆ ಸೋಲೇ. ಪಾತ್‌ಫೈಂಡರ್‌ನಲ್ಲಿ ಮಾತ್ರ 20 ಬಿದ್ದರೆ ಫಲಿತಾಂಶ ಒಂದು ಮೆಟ್ಟಿಲು ಮೇಲೇರುತ್ತದೆ.

ಸೋತಾಗ ಅದೇ ಬೆದರಿಕೆಯನ್ನು ಮತ್ತೆ ಹಾಕಬೇಡಿ. ಪರಿಸ್ಥಿತಿ ಬದಲಾಗಬೇಕು: ಇನ್ನೊಬ್ಬ ಬೀಳಲಿ, ಬಾಗಿಲು ಮುರಿಯಲಿ, ಆಗ ಹೊಸ ಮಾತು. ಡಿಎಂ ಆದವರು ಸೋಲನ್ನು "ಏನೂ ಆಗಲಿಲ್ಲ" ಎಂದು ಮುಗಿಸಬೇಡಿ. ಡಕಾಯಿತ ಕೂಗಿ ಸಹಾಯ ಕರೆಯಲಿ, ಅಥವಾ ಬೆದರಿಸಿದವನ ಮೇಲೆಯೇ ಎರಗಲಿ.

ಗೆದ್ದಾಗ ಮಾತು ಉಳಿಸಿಕೊಳ್ಳಿ. ಕತ್ತಿ ಹಾಕಿ ಹೊರಟವನ ಬೆನ್ನಿಗೆ ಬಾಣ ಬಿಟ್ಟರೆ ಪಕ್ಕದಲ್ಲಿದ್ದವನು ತನ್ನ ಕತ್ತಿ ಮತ್ತೆ ಎತ್ತಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಆ ಸೀಮೆಯ ಯಾವ ಶತ್ರುವೂ ನಿಮಗೆ ಶರಣಾಗುವುದಿಲ್ಲ. ಗುಂಪಿನಲ್ಲಿ ಅಂಥ ದುಡುಕಿನವರಿದ್ದರೆ ಮಾತಾಡುವ ಮೊದಲೇ ಅವರ ಒಪ್ಪಿಗೆ ಪಡೆಯಿರಿ. ಜೊತೆಗಾರರ ಪಾತ್ರದ ಮೇಲೆ ಇಂಟಿಮಿಡೇಶನ್ ಉರುಳಿಸಿ ಒಪ್ಪಿಸುವ ಪ್ರಯತ್ನವಂತೂ ಬೇಡ. ಅವರ ಪಾತ್ರ ಹೆದರಿತೋ ಇಲ್ಲವೋ ಹೇಳಬೇಕಾದವರು ಅವರೇ.

ಡಿಎಂ ಆದವರು ನಿಮ್ಮ ನೋಟ್ ಪುಸ್ತಕದ ಕೊನೆಯ ಪುಟದಲ್ಲಿ ಒಂದು ಪಟ್ಟಿ ಇಡಿ: ತಪ್ಪಿಸಿಕೊಂಡವನು ಯಾರು, ಯಾವ ಬಾಗಿಲಿಂದ ಹೋದ, ಆಯುಧ ಬಿಟ್ಟು ಹೋದನೋ ಇಟ್ಟುಕೊಂಡನೋ, ಯಾರ ಮುಖ ನೋಡಿದ. ದಿಡ್ಡಿ ಬಾಗಿಲಿಂದ ಇಳಿದುಹೋದ ಆ ಇಬ್ಬರು ಮುಂದಿನ ಭಾನುವಾರ ಸಂತೆಯಲ್ಲಿ ಎದುರಾಗಬಹುದು. ಆಗ ಆ ಫೈಟರ್ ಬಾಯಿ ತೆರೆಯುವ ಮೊದಲೇ ಡಿಸಿ ಎಷ್ಟು ಇಳಿದಿರಬೇಕು ಎಂಬುದನ್ನು ಆ ಪಟ್ಟಿ ನೋಡಿ ತೀರ್ಮಾನಿಸಿ.